ಡಾಕ್ಟರು ಹೇಳಿದ ಮೊದಲ ಮಾತು

ಯಾರ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ. ಹೆಸರು ಬರೆಯದೆ ತಪ್ಪು ಒಪ್ಪಿಕೊಂಡರೆ ಯಾರಿಗೆ ಏನು ಉಪಕಾರ ಎಂದು ಕೇಳಬಹುದು. ನನಗೊಬ್ಬಳಿಗೆ. ನನ್ನ ಮನಸ್ಸು ಹಗುರವಾಗುತ್ತದೆ, ಉಂಡದ್ದು ರುಚಿಸುತ್ತದೆ. ಆ ಮನುಷ್ಯನಿಗೆ ಇದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಓದುತ್ತಾ ಹೋದ ಹಾಗೆ ಕೆಲವರಿಗೆ ನನ್ನ ಮೇಲೆ ಕನಿಕರ ಹುಟ್ಟಬಹುದು. ಕನಿಕರ ಗಿಟ್ಟಿಸುವುದರಲ್ಲಿ ನಾನು ಮೊದಲಿನಿಂದಲೂ ಜಾಣೆ.

ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ಮದುವೆಯಾಯಿತು. ನನಗೆ ಇಪ್ಪತ್ತೈದು. ಕೊಡಿಯಾಲ್‌ಬೈಲಿನಲ್ಲಿ ನಮ್ಮ ಮನೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರು. ನನ್ನ ಗಂಡನಿಗೆ ಮೂವತ್ತೊಂದು. ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ಪಾಲು ಇಟ್ಟುಕೊಂಡು ತಾವೇ ನಿಂತು ಕೆಲಸ ನೋಡುತ್ತಿದ್ದರು. ವಾಮಂಜೂರಿನಲ್ಲಿ ಗದ್ದೆ ಮಾಡಿಕೊಂಡಿದ್ದ ಮನೆಯವರು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮನೆಯ ಮಾತು ತುಳು, ಪೇಪರು ಓದುವಷ್ಟು ಕನ್ನಡ. ಇಂಗ್ಲಿಷಿನ ಗಂಧವಿರಲಿಲ್ಲ. ಸಂಬಂಧ ಕುದುರಿದ್ದಕ್ಕೆ ಕಾರಣ ಒಂದೇ: ನಮ್ಮ ಮನೆಗೆ ಬಂದು ಇರಲು ಅವರು ಒಪ್ಪಿದರು.

ನಮ್ಮವರಲ್ಲಿ ಮನೆತನ ಮುಂದುವರಿಯುವುದು ಹೆಣ್ಣಿನಿಂದ. ತಾಯಿಯ ಕಡೆಯಿಂದ ಬರುವ ವಂಶಕ್ಕೆ ಬಳಿ ಎನ್ನುತ್ತೇವೆ. ಗಂಡುಮಕ್ಕಳು ಎಷ್ಟಿದ್ದರೂ ಅವರ ಮಕ್ಕಳು ಅವರವರ ತಾಯಿಯ ಬಳಿಗೆ ಸೇರುತ್ತಾರೆ. ನಮ್ಮ ಅಜ್ಜಿಗೆ ಇದ್ದದ್ದು ಒಬ್ಬಳೇ ಮಗಳು, ನನ್ನ ಅಮ್ಮ. ಅಮ್ಮನಿಗೆ ನಾನೊಬ್ಬಳೇ. ಅಪ್ಪ ನಾನು ಸಣ್ಣವಳಿರುವಾಗಲೇ ತೀರಿಕೊಂಡಿದ್ದರು. ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ, ಮನೆಯ ಯಜಮಾನರು. ಮದುವೆಯ ದಿನ ಅವರು ನನ್ನನ್ನು ನೋಡಿದ ರೀತಿ ನೆನಪಿದೆ. ಹಸು ಕೊಂಡವರು ಹಾಗೆ ನೋಡುತ್ತಾರೆ.

ಮದುವೆಯಾಗಿ ಎರಡು ವರ್ಷ ಕಳೆದರೂ ನಾವು ಗಂಡ ಹೆಂಡತಿ ಆಗಿರಲಿಲ್ಲ. ಅವರು ಹತ್ತಿರ ಬಂದರೆ ಸಾಕು, ನನ್ನ ಮೈ ತಾನೇ ಬಾಗಿಲು ಹಾಕಿಕೊಳ್ಳುತ್ತಿತ್ತು. ತೊಡೆ ಕಲ್ಲಾಗುತ್ತಿತ್ತು, ಹಲ್ಲು ಕಚ್ಚಿಕೊಳ್ಳುತ್ತಿತ್ತು. ಒತ್ತಾಯ ಮಾಡುವ ಜನ ಅವರಾಗಿರಲಿಲ್ಲ. ನಾನು ಒಮ್ಮೆ ಅಯ್ಯೋ ಅಂದರೆ ತಟಕ್ಕನೆ ಸರಿದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಹೀಗೆ ಸರಿದು ಸರಿದು ಕೊನೆಗೆ ಹತ್ತಿರ ಬರುವುದೇ ಅವರಿಗೆ ಆಗದ ಕೆಲಸವಾಯಿತು. ಯಾರಿಂದ ಏನಾಗುತ್ತಿಲ್ಲ ಎಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಅವರು ತಮ್ಮಿಂದಲೇ ಅಂದುಕೊಂಡರು. ನಾನು ಅಲ್ಲ ಅನ್ನಲಿಲ್ಲ.

ಅಮ್ಮನಿಗೆ ಹೇಳಬೇಕಾಗಲಿಲ್ಲ, ತಿಂಗಳು ತಿಂಗಳು ಬಚ್ಚಲಿನ ಹಗ್ಗದಲ್ಲಿ ಒಣಗುವ ಬಟ್ಟೆಯೇ ಅವರಿಗೆ ವರದಿ ಕೊಡುತ್ತಿತ್ತು. ನಮ್ಮ ಕಡೆ ಅಳಿಯನಿಗೆ ಅತ್ತೆ ಗಟ್ಟಿ ಮಾತಾಡುವುದಿಲ್ಲ, ಬಡಿಸುತ್ತಾರೆ. ಅಮ್ಮ ಬಡಿಸಿದರು. ಊರ ಕೋಳಿಯ ಸುಕ್ಕ, ಕಾಲು ಸೂಪು, ನುಗ್ಗೆಕಾಯಿ, ದಿನಕ್ಕೆ ಮೂರು ಮೊಟ್ಟೆ. ಅವರು ಸಾಕು ಎಂದು ಕೈ ಅಡ್ಡ ಹಿಡಿದರೆ ಅಮ್ಮ ಆ ಕೈಯ ಮೇಲಿಂದಲೇ ಸೌಟು ಬಗ್ಗಿಸುತ್ತಿದ್ದರು. "ಉಣ್ಣಿ, ನೀವು ಉಣ್ಣುದು ನಮಗೆಲ್ಲ ಬೇಕಾಗಿ ಅಲ್ವಾ?" ಎನ್ನುತ್ತಿದ್ದರು. ಅವರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಒಂದು ತುತ್ತಿಗಾಗಿ ಮನುಷ್ಯ ಅಷ್ಟು ಅವಮಾನಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನೂ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ. ನನಗೆ ಹೊಟ್ಟೆ ತುಂಬುತ್ತಿತ್ತು.

ಶಾಲೆಯ ಸೈನ್ಸ್ ಟೀಚರು ನನ್ನ ಗೆಳತಿ. ಒಂದು ದಿನ ಸ್ಟಾಫ್ ರೂಮಿನಲ್ಲಿ ನಾನು ಅತ್ತದ್ದನ್ನು ನೋಡಿ ಅವಳು ಒಂದು ವಿಷಯ ಹೇಳಿದಳು. ಆಸ್ಪತ್ರೆಯೊಂದಕ್ಕೆ ಹೊಸ ಮನೋವೈದ್ಯರು ಬಂದಿದ್ದಾರೆ, ಹೆಂಗಸು, ವಿಲಾಯಿತಿಯಲ್ಲಿ ಓದಿದವರು. ಶನಿವಾರ ಬೆಳಿಗ್ಗೆ ಗಂಡ ಹೆಂಡತಿಯರನ್ನು ಒಟ್ಟಿಗೆ ಕೂರಿಸಿ ಇಂಥದ್ದಕ್ಕೇ ಚಿಕಿತ್ಸೆ ಕೊಡುತ್ತಾರಂತೆ. "ಹುಚ್ಚಿನ ಡಾಕ್ಟ್ರಾ?" ಎಂದೆ. "ಹುಚ್ಚು ಅಲ್ಲ ಮಾರಾಯ್ತಿ. ಇದಕ್ಕೂ ಪಾಠ ಉಂಟಂತೆ, ಹೋಂವರ್ಕ್ ಉಂಟಂತೆ" ಎಂದಳು. ಇಬ್ಬರೂ ನಕ್ಕೆವು. ಮುಂದಿನ ವಾರವೇ ನಾವು ಹೋದೆವು. ಮನೆಯಲ್ಲಿ ಅವರ ಹೊಟ್ಟೆನೋವಿಗೆ ಎಂದು ಹೇಳಿದ್ದೆ. ನೆಪಕ್ಕೂ ಅವರ ಹೊಟ್ಟೆಯೇ ಬೇಕಾಯಿತು.

ಡಾಕ್ಟರಿಗೆ ಐವತ್ತು ದಾಟಿತ್ತು. ಕೇರಳದವರು. ತುಳು ಬಾರದು, ಕನ್ನಡದಲ್ಲಿ ಕೂತುಕೊಳ್ಳಿ, ಬನ್ನಿ, ನಾಳೆ ಎಂಬಷ್ಟೇ ಮಾತು. ಹಾಗಾಗಿ ಅವರ ಇಂಗ್ಲಿಷನ್ನು ನನ್ನ ಗಂಡನಿಗೆ, ಗಂಡನ ತುಳುವನ್ನು ಅವರಿಗೆ ನಾನೇ ದಾಟಿಸಬೇಕಾಯಿತು. ರೋಗಿಯೂ ನಾನೇ, ದುಭಾಷಿಯೂ ನಾನೇ. ಬೇರೆ ಯಾರನ್ನಾದರೂ ಕರೆಸಲೇ ಎಂದು ಡಾಕ್ಟರು ಕೇಳಿದ್ದರು. ಇಂಥ ವಿಷಯಕ್ಕೆ ಮೂರನೆಯವರು ಬೇಡ ಎಂದು ನಾನೇ ಹೇಳಿದೆ. ಮೊದಲ ಶನಿವಾರ ಬರೀ ಪ್ರಶ್ನೆಗಳು. ಆಮೇಲೆ ನನ್ನನ್ನು ಅದೇ ಆಸ್ಪತ್ರೆಯ ಹೆಂಗಸರ ಡಾಕ್ಟರ ಬಳಿ ಕಳಿಸಿದರು. ಅವರು ಪರೀಕ್ಷಿಸಿ ಚೀಟಿ ಬರೆದುಕೊಟ್ಟರು.

ಎರಡನೆಯ ಶನಿವಾರ ಡಾಕ್ಟರು ಆ ಚೀಟಿಯನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು, ನನ್ನ ಕಡೆ ತಿರುಗಿದರು. ಮೊದಲು ಇದನ್ನು ನಿಮ್ಮ ಗಂಡನಿಗೆ ಹೇಳಿ, ಉಳಿದದ್ದೆಲ್ಲ ಆಮೇಲೆ ಎಂದರು. ಅವರು ಹೇಳಿದ್ದು ಇಷ್ಟು: ನಿಮ್ಮ ಗಂಡನಲ್ಲಿ ಯಾವ ದೋಷವೂ ಇಲ್ಲ. ಹೆದರಿಕೆಯಿಂದ ನಿಮ್ಮ ಒಳಗಿನ ಸ್ನಾಯುಗಳು ನಿಮ್ಮ ಅಪ್ಪಣೆ ಕೇಳದೆ ಬಿಗಿದುಕೊಳ್ಳುತ್ತವೆ. ಅದು ನಿಮ್ಮ ತಪ್ಪೂ ಅಲ್ಲ. ಇದು ಎಷ್ಟೋ ಹೆಂಗಸರಿಗೆ ಆಗುವಂಥದ್ದು, ವಾಸಿಯಾಗುವಂಥದ್ದು. ಆದರೆ ಈ ಮನುಷ್ಯ ಎರಡು ವರ್ಷದಿಂದ ತಾನು ಗಂಡಸೇ ಅಲ್ಲ ಎಂದುಕೊಂಡು ಕೂತಿದ್ದಾರೆ. ಮೊದಲು ಅದನ್ನು ಅವರ ತಲೆಯಿಂದ ತೆಗೆಯಬೇಕು.

ನನ್ನ ಗಂಡ ಎರಡೂ ಕೈಗಳನ್ನು ತೊಡೆಯ ಮೇಲೆ ಜೋಡಿಸಿಟ್ಟುಕೊಂಡು ಕೂತಿದ್ದರು. ಡಾಕ್ಟರನ್ನು ನೋಡದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಎಂತ ಹೇಳಿದ್ರು?"

"ವಾಸಿ ಆಗ್ತದಂತೆ."

"ಎಂತದ್ದು? ನನ್ನದಾ?"

ನಾನು ತಲೆಯಾಡಿಸಿದೆ.

ಆ ಹೊತ್ತಿನಲ್ಲಿ ಬಳಿ, ಮನೆತನ, ಅಮ್ಮ ಇದೆಲ್ಲ ನನ್ನ ತಲೆಯಲ್ಲಿತ್ತು ಎಂದು ಹಲವು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ದೋಷ ಅವರದಾದರೆ ಇನ್ನೊಬ್ಬ ಗಂಡ ಸಿಗುತ್ತಾನೆ, ನನ್ನದಾದರೆ ಮನೆಯೇ ನಿಂತುಹೋಗುತ್ತದೆ, ಹಾಗಾಗಿ ಹೆದರಿದೆ ಎಂದು. ಅದು ಆಮೇಲೆ ಕಟ್ಟಿಕೊಂಡ ನೆಪ. ಆ ಹೊತ್ತಿನಲ್ಲಿದ್ದದ್ದು ಬರೀ ಜಂಬ. ಏಳನೇ ಕ್ಲಾಸಿನವನ ಎದುರು, ಬಿ.ಎ. ಮಾಡಿದವಳಲ್ಲಿ ಕೊರತೆ ಇದೆ ಎಂದು ನನ್ನ ಬಾಯಿಂದಲೇ ಹೇಳಬೇಕಿತ್ತು. ನನ್ನ ಬಾಯಿ ಅದಕ್ಕೆ ಒಪ್ಪಲಿಲ್ಲ.

ಅವರು ತಲೆ ಬಗ್ಗಿಸಿದರು. ಡಾಕ್ಟರಿಗೆ ಆಶ್ಚರ್ಯ. ಒಳ್ಳೆಯ ಸುದ್ದಿ ಕೇಳಿ ಯಾಕೆ ಹೀಗಾದರು ಎಂದು ಕೇಳಿದರು. ನಾಚಿಕೆ ಎಂದೆ. ಅವರ ಮನಸ್ಸಿನಲ್ಲಿ ಏನಿದೆ ಕೇಳಿ ಎಂದರು. ಕೇಳಿದೆ. "ಅವಳಿಗೆ ನೋವಾಗ್ತದೆ ಅಂತ ನನಗೆ ಹೆದರಿಕೆ. ಅಷ್ಟೇ" ಎಂದರು ನನ್ನ ಗಂಡ. ನಾನು ಡಾಕ್ಟರಿಗೆ, ಅವರಿಗೆ ಹೆದರಿಕೆಯಂತೆ ಎಂದಷ್ಟೇ ಹೇಳಿದೆ. ಡಾಕ್ಟರು ಅದನ್ನು ಬರೆದುಕೊಂಡರು.

ಆಮೇಲೆ ಪಾಠ ಶುರುವಾಯಿತು. ಮೊದಲ ನಿಯಮ, ಆರು ವಾರ ಗಂಡ ಹೆಂಡತಿಯ ಸಂಬಂಧ ಸಂಪೂರ್ಣ ನಿಷಿದ್ಧ. ಬೇಕೆನಿಸಿದರೂ ಕೂಡದು. ಪರೀಕ್ಷೆಯೇ ಇಲ್ಲ ಎಂದು ಗೊತ್ತಾದರೆ ಹೆದರಿಕೆ ತಾನೇ ಇಳಿಯುತ್ತದೆ, ಮೈ ಕಲಿಯಲು ಶುರುಮಾಡುತ್ತದೆ ಎಂದರು. ಅದರ ಬದಲು ವಾರಕ್ಕೊಮ್ಮೆ, ಹಗಲು ಹೊತ್ತಿನಲ್ಲೇ, ಬಾಗಿಲು ಹಾಕಿಕೊಂಡು ಅರ್ಧ ಗಂಟೆ. ಒಬ್ಬರು ಇನ್ನೊಬ್ಬರ ಕೈ, ತೋಳು, ಬೆನ್ನು ಮುಟ್ಟಬೇಕು. ಮುಟ್ಟಿಸಿಕೊಂಡವರು ಯಾವುದು ಹಿತ, ಯಾವುದು ಅಹಿತ ಎಂದು ಬಾಯಿಬಿಟ್ಟು ಹೇಳಬೇಕು. ಇದಲ್ಲದೆ ನಾನೊಬ್ಬಳೇ ದಿನವೂ ಮಾಡಬೇಕಾದ ಒಂದು ಅಭ್ಯಾಸವನ್ನು ನನಗೆ ಬೇರೆಯಾಗಿ ಹೇಳಿಕೊಟ್ಟರು. ಮನೆಗೆ ಬಂದ ಮೇಲೆ ನಾನು ಅದನ್ನು ಒಂದು ದಿನವೂ ಮಾಡಲಿಲ್ಲ. ರೋಗ ಅವರದು ಎಂದು ಹೇಳಿಯಾಗಿತ್ತು. ನನ್ನದೇ ಸುಳ್ಳನ್ನು ನಾನೇ ನಂಬಲು ಶುರುಮಾಡಿದ್ದೆ.

ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಚಾವಡಿಯಲ್ಲಿ ಅಡ್ಡಾಗುತ್ತಿದ್ದರು. ಆಗ ನಾವು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಮೊದಲ ವಾರ ಅವರು ಐಸ್ ಪ್ಲಾಂಟಿನಿಂದ ನೇರ ಬಂದಿದ್ದರು. ಅವರ ಕೈ ಯಾವಾಗಲೂ ತಣ್ಣಗೆ, ಬೆರಳ ತುದಿಗಳು ನೀರಲ್ಲಿ ನೆನೆದಂತೆ ಬೆಳ್ಳಗೆ. ನನ್ನ ತೋಳು ಮುಟ್ಟಿದರು. ಹಿತವೋ ಅಹಿತವೋ ಹೇಳಬೇಕಿತ್ತಲ್ಲ, ಹೇಳಿದೆ. "ಹೆಣದ ಕೈ ಮುಟ್ಟಿದ ಹಾಗೆ ಆಗ್ತದೆ." ಡಾಕ್ಟರು ನಿಜ ಹೇಳಿ ಅಂದಿದ್ದರು ಎಂಬ ಧೈರ್ಯ ನನಗೆ. ಬೇಕಾದ ಕಡೆ ನಿಜ ಹೇಳದವಳು ಇಲ್ಲಿ ಹರಿಶ್ಚಂದ್ರಳಾದೆ. ಅವರು ಕೈ ತೆಗೆದು ಬನಿಯನಿಗೆ ಒರೆಸಿಕೊಂಡರು.

ಮುಂದಿನ ಆದಿತ್ಯವಾರ ನಾನು ಬಾವಿಕಟ್ಟೆಯ ಹತ್ತಿರ ಪಾತ್ರೆ ಇಡಲು ಹೋದಾಗ ಬಚ್ಚಲಿನ ಬಾಗಿಲು ತೆರೆದಿತ್ತು. ಅವರು ಹಂಡೆಯ ಬಿಸಿನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿಕೊಂಡು ಕೂತಿದ್ದರು. ಮುಖ ಕೆಂಪಗಾಗಿತ್ತು. ಆಮೇಲೆ ಕೈ ಒರೆಸಿ, ಎರಡೂ ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಿಸಿ ಆರಬಾರದೆಂದು ಅಂಗಳ ದಾಟಿ ಓಡುತ್ತಾ ಬಂದರು. ದೊಡ್ಡ ಮೈಯ ಮನುಷ್ಯ, ಹಾಗೆ ಓಡುವುದನ್ನು ನೋಡಿ ನನಗೆ ನಗು ತಡೆಯಲಿಲ್ಲ. ಅವರೂ ನಕ್ಕರು. ಆ ಮನೆಯಲ್ಲಿ ಅವರು ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಪ್ರತಿ ಆದಿತ್ಯವಾರ ಹಂಡೆ, ಕಂಕುಳು, ಓಟ.

ಐದನೆಯ ವಾರ ಒಂದು ವಿಷಯ ನಡೆಯಿತು. ಅವರು ನನ್ನ ಬೆನ್ನಿನ ಮೇಲೆ ಕೈ ಇಟ್ಟಿದ್ದರು, ನನಗೆ ಜೋಂಪು ಹತ್ತಿತು. ಎಚ್ಚರವಾದಾಗ ಗಡಿಯಾರದಲ್ಲಿ ಮುಕ್ಕಾಲು ಗಂಟೆ ಸರಿದಿತ್ತು. ಅವರು ಹಾಗೆಯೇ ಕೂತಿದ್ದರು, ಕೈ ತೆಗೆದರೆ ನನಗೆ ಎಚ್ಚರವಾದೀತು ಎಂದು. ಕೈ ಜೋಮು ಹಿಡಿದಿತ್ತು, ಇನ್ನೊಂದು ಕೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ತೊಡೆ ಕಲ್ಲಾಗಿರಲಿಲ್ಲ. ಹಲ್ಲು ಕಚ್ಚಿರಲಿಲ್ಲ. ಡಾಕ್ಟರ ಪಾಠ ನನ್ನ ಮೈಗೆ ಹತ್ತುತ್ತಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಬಂತು. ಮುಂದಿನ ಆದಿತ್ಯವಾರ ಹೇಳಿಬಿಡುತ್ತೇನೆ ಎಂದುಕೊಂಡೆ. ಒಂದು ವಾರದಲ್ಲಿ ಏನು ಕೊಳ್ಳೆ ಹೋಗುತ್ತದೆ ಎಂದುಕೊಂಡೆ.

ಹಗಲು ಹೊತ್ತು ಬಾಗಿಲು ಹಾಕುವುದನ್ನು ಅಮ್ಮ ಐದು ವಾರದಿಂದ ನೋಡುತ್ತಿದ್ದರು. ಅವರ ಮುಖಕ್ಕೆ ಕಳೆ ಬಂದಿತ್ತು. ಮರುದಿನ ನನ್ನ ತಲೆ ಬಾಚುತ್ತಾ ಕೇಳಿದರು.

"ಎಂತಾದ್ರೂ ವಿಶೇಷ ಉಂಟಾ?"

"ಡಾಕ್ಟ್ರ ಹತ್ರ ಹೋಗ್ತಾ ಇದ್ದೇವೆ. ಅವರಿಗೆ ಚಿಕಿತ್ಸೆ ನಡೀತಾ ಉಂಟು."

"ಒಟ್ಟಿಗೆ ಇರ್ತೀರಲ್ಲ?"

"ಆರು ವಾರ ಒಟ್ಟಿಗೆ ಇರ್ಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ."

ಬಾಚಣಿಗೆ ನಿಂತಿತು. ಅಮ್ಮ ಕಂಡ ಲೋಕದಲ್ಲಿ ಡಾಕ್ಟರು ಯಾವುದನ್ನಾದರೂ ಕಟ್ಟಿಟ್ಟರೆ ಅದಕ್ಕೆ ಒಂದೇ ಅರ್ಥ. ಅಪ್ಪನಿಗೆ ಕೊನೆಗಾಲದಲ್ಲಿ ಅನ್ನ ಕೊಡಬೇಡಿ ಎಂದಿದ್ದರು, ಅಪ್ಪ ಎದ್ದಿರಲಿಲ್ಲ. ಗಂಡನಿಗೆ ಹೆಂಡತಿಯನ್ನೇ ಪಥ್ಯ ಮಾಡಿದ ಮೇಲೆ ಇನ್ನೇನು ಉಳಿಯಿತು ಎಂದು ಅವರು ತೀರ್ಮಾನಿಸಿದರು. ಕೂಡಬಾರದು ಎಂಬುದೇ ಮದ್ದು ಎಂದು ಅವರಿಗೆ ಬಿಡಿಸಿ ಹೇಳಬಹುದಿತ್ತು. ಹೇಳಹೊರಟರೆ ಮದ್ದು ಯಾರಿಗೆ ಎಂಬ ಮಾತು ಬರುತ್ತಿತ್ತು. ಅಮ್ಮ ಅದೇ ದಿನ ಅಣ್ಣನಿಗೆ ಹೇಳಿಕಳಿಸಿದರು.

ಸೋದರಮಾವ ಶನಿವಾರ ಮಧ್ಯಾಹ್ನ ಬಂದು ಚಾವಡಿಯ ಬೆಂಚಿನಲ್ಲಿ ಕೂತರು. ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮಲ್ಲಿ ಪದ್ಧತಿ. ನಾನು ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ಹಿಡಿದು ಹೊರಡುವಷ್ಟರಲ್ಲಿ ಅವರು ನನ್ನ ಗಂಡನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ನಾನು ಬಾಗಿಲ ಹಿಂದೆ ನಿಂತೆ. ಮಾವ ದನಿ ಏರಿಸುವವರಲ್ಲ. ಮೆತ್ತಗೆ, ಮರ್ಯಾದೆಯಿಂದ ಮಾತಾಡಿಯೇ ಮನುಷ್ಯನ ಚರ್ಮ ಸುಲಿಯಬಲ್ಲವರು.

"ಡಾಕ್ಟ್ರು ನಿಮ್ಮನ್ನು ಒಟ್ಟಿಗೆ ಇರ್ಲಿಕ್ಕೆ ಬಿಡುದಿಲ್ವಂತೆ, ಹೌದಾ?"

"ಹೌದು ಮಾವ. ಆರು ವಾರ."

"ದೋಷ ಯಾರದ್ದು ಅಂತ ಹೇಳಿದ್ರು?"

ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಬಾಗಿಲು ತಳ್ಳಿದರೆ ಎರಡು ಹೆಜ್ಜೆ.

"ನನ್ನದು" ಎಂದರು ಅವರು.

"ನೀವು ಕೆಟ್ಟವರು ಅಂತ ಯಾರೂ ಹೇಳುದಿಲ್ಲ. ಆದ್ರೆ ಇದು ಹೆಣ್ಣಿನ ಮನೆ. ಇವಳಲ್ಲಿ ನಿಂತ್ರೆ ಮತ್ತೆ ಮುಂದಕ್ಕೆ ಇಲ್ಲ. ನಿಮಗೆ ಅರ್ಥ ಆಗ್ತದಲ್ಲ?"

"ಅರ್ಥ ಆಗ್ತದೆ."

"ಹಿಂದಿನ ಕಾಲ ಆದ್ರೆ ನಾಲ್ಕು ಜನ ಹಿರಿಯರು ಕೂತು ಮುಗಿಸ್ತಿದ್ರು. ಈಗ ಕೋರ್ಟು ಉಂಟು. ವಕೀಲರ ಹತ್ರ ನಾನು ಮಾತಾಡ್ತೇನೆ. ನೀವು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ರೆ ಸಾಕು."

ಆಮೇಲೆ ನಾನು ಹೊರಗೆ ಬಂದು ಬೆಲ್ಲ, ನೀರು ಇಟ್ಟೆ. ಮಾವ ಬೆಲ್ಲ ಬಾಯಿಗೆ ಹಾಕಿಕೊಂಡು, "ನೀರು ತಣ್ಣಗೆ ಉಂಟು, ಒಳ್ಳೆದಾಯ್ತು" ಎಂದರು.

ಮರುದಿನ ಆರನೆಯ ಆದಿತ್ಯವಾರ. ಅವರು ಬೆಳಿಗ್ಗೆಯೇ ಬಟ್ಟೆಬರೆ ಟ್ರಂಕಿಗೆ ತುಂಬಿಸಿಕೊಂಡು ಅಮ್ಮನ ಕಾಲು ಮುಟ್ಟಿ ಹೊರಟರು. ಗೇಟಿನ ತನಕ ನಾನು ಹೋದೆ. "ನೀನು ಬೇಜಾರ ಮಾಡ್ಬೇಡ" ಎಂದರು. "ಡಾಕ್ಟ್ರಿಗೆ ಹೇಳು, ಅವರು ಒಳ್ಳೆ ಜನ. ನನ್ನಿಂದ ಆಗ್ಲಿಲ್ಲ, ಅಷ್ಟೇ." ಗೇಟಿನ ಚಿಲಕ ಹಾಕಿಕೊಂಡು ಒಳಗೆ ಬಂದೆ. ಬಚ್ಚಲಿನಲ್ಲಿ ಹಂಡೆ ಕಾಯುತ್ತಿತ್ತು. ಬೆಳಿಗ್ಗೆ ಅವರೇ ಅಭ್ಯಾಸಬಲದಿಂದ ಬೆಂಕಿ ಹಾಕಿದ್ದಿರಬೇಕು. ಆ ನೀರಲ್ಲಿ ನಾನು ಸ್ನಾನ ಮಾಡಿದೆ.

ಕೋರ್ಟಿನಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಂಡ ದಾಂಪತ್ಯಕ್ಕೆ ಅಸಮರ್ಥನಾದ್ದರಿಂದ ಮದುವೆಯನ್ನು ರದ್ದು ಮಾಡಬೇಕು ಎಂದು ನನ್ನ ಅರ್ಜಿ. ಅದನ್ನು ಅವರಿಗೆ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳಿದರು. ಎಲ್ಲ ಕನ್ನಡದಲ್ಲೇ ನಡೆಯಿತು, ದಾಟಿಸಲು ನನ್ನ ಅಗತ್ಯ ಬೀಳಲಿಲ್ಲ. ಹಿಂದಿನ ಬೆಂಚುಗಳಲ್ಲಿ ಬೇರೆ ಕೇಸಿಗೆ ಬಂದವರು ತುಂಬಿದ್ದರು. ಕೆಲವರು ನಮ್ಮ ಜಾತಿಯವರೇ. ನನ್ನ ಗಂಡ ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ, ಹೌದು ಎಂದರು. ಯಾರೋ ಮೂಗಿನಲ್ಲಿ ನಕ್ಕರು. ಸಂಜೆಯೊಳಗೆ ಆ ಸುದ್ದಿ ದಕ್ಕೆಗೆ ಮುಟ್ಟಿತ್ತು. ಬೋಟಿನವರು ಐಸ್ ಕೊಳ್ಳಲು ಬಂದಾಗ ಏನೆಲ್ಲ ತಮಾಷೆ ಮಾಡಿದರು ಎಂದು ನನಗೆ ಆಮೇಲೆ ತಿಳಿಯಿತು. ಅದನ್ನು ಬರೆಯಲು ನನಗೆ ಈಗಲೂ ನಾಚಿಕೆ. ಅವರು ಅದನ್ನು ವರ್ಷಗಟ್ಟಲೆ ದಿನವೂ ಕೇಳಿದರು.

ನನ್ನ ಪಾಲಿಗೆ ಬಂದದ್ದು ಕನಿಕರ. ಪಾಪ, ಎರಡು ವರ್ಷ ಬಾಯಿಮುಚ್ಚಿ ಬಾಳಿದಳು, ಎಷ್ಟು ತಾಳ್ಮೆ ಎಂದು ಊರೆಲ್ಲ ಹೊಗಳಿತು. ಮದುವೆಮನೆಗಳಲ್ಲಿ ನನ್ನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದರು. ಆ ಕನಿಕರವನ್ನು ನಾನು ಚೆನ್ನಾಗಿ ಅನುಭವಿಸಿದೆ. ಆದರೆ ಎರಡು ಸಂಬಂಧ ಬಂದಾಗ ನನ್ನ ಮೈ ನೆನಪಾಯಿತು. ಎರಡಕ್ಕೂ ಏನೇನೋ ನೆಪ ಹೇಳಿ ತಪ್ಪಿಸಿದೆ. ಮೊದಲನೆಯದರಲ್ಲೇ ಬೆಂದವಳು, ಒತ್ತಾಯ ಬೇಡ ಎಂದರು. ಡಾಕ್ಟರ ಬಳಿಗೆ ಮತ್ತೆ ಹೋಗಲಿಲ್ಲ. ಹೋದರೆ ಅವರು ಕೇಳುವ ಮೊದಲ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಎಂಬತ್ತರ ಮೊದಲ ವರ್ಷಗಳಲ್ಲಿ ಸೋದರಮಾವ ತೀರಿಕೊಂಡರು, ಅವರ ಹಿಂದೆಯೇ ಅಮ್ಮ. ಯಾವ ಬಳಿಯನ್ನು ಉಳಿಸಲು ಆ ಮನುಷ್ಯನನ್ನು ಮನೆಯಿಂದ ಕಳಿಸಿದರೋ ಆ ಬಳಿ ನನ್ನಲ್ಲಿಗೇ ಮುಗಿಯಿತು.

ಬೇರೆಯಾಗಿ ಎಂಟು ವರ್ಷವಾಗಿತ್ತು. ಒಂದು ದಿನ ಊಟದ ಬಿಡುವಿನಲ್ಲಿ ಅದೇ ಸೈನ್ಸ್ ಟೀಚರು ನನ್ನ ಪಕ್ಕ ಬಂದು ಕೂತಳು. ಅವಳ ತಂಗಿಗೆ ಗಂಡ ಸತ್ತಿದ್ದ, ಚಿಕ್ಕದೊಂದು ಹೆಣ್ಣುಮಗುವಿತ್ತು. ಐಸ್ ಪ್ಲಾಂಟಿನವರು, ಅಂದರೆ ನನ್ನ ಗಂಡನಾಗಿದ್ದವರು, ಆ ಮಗುವನ್ನು ಯಾವುದೋ ಮನೆಯಲ್ಲಿ ಎತ್ತಿ ಆಡಿಸಿದ್ದನ್ನು ತಂಗಿ ನೋಡಿದ್ದಳಂತೆ. ಮನಸ್ಸಾಗಿತ್ತಂತೆ. ತಂಗಿಯ ಕಡೆಯವರು ಹೋಗಿ ಕೇಳಿದ್ದರಂತೆ.

"ಅವರೇ ಬೇಡ ಹೇಳಿದ್ರು ಮಾರಾಯ್ತಿ. 'ಡಾಕ್ಟ್ರೇ ಹೇಳಿದ್ದಾರೆ, ನನ್ನಲ್ಲಿ ದೋಷ ಉಂಟು. ಇನ್ನೊಂದು ಹೆಣ್ಣಿನ ಬಾಳು ಹಾಳು ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ' ಅಂತ. ಎಷ್ಟು ಸತ್ಯವಂತರು ನೋಡು. ನಿನ್ನ ಗ್ರಹಚಾರ, ಅಂಥವರಿಗೆ ಇದೊಂದು ಇಲ್ಲದೆ ಹೋಯ್ತು."

ಡಬ್ಬಿಯಲ್ಲಿದ್ದ ಅನ್ನವನ್ನು ಹಾಗೇ ಮುಚ್ಚಿಟ್ಟೆ. ತನ್ನಲ್ಲೇ ದೋಷವಿದೆ ಎಂದು ಒಬ್ಬ ಮನುಷ್ಯ ತಿಳಿದುಕೊಂಡದ್ದು ನನ್ನ ಒಂದು ತಲೆಯಾಟದಿಂದ. ಅದರ ಮೇಲೆಯೇ ಎಂಟು ವರ್ಷದಿಂದ ಬದುಕು ಕಟ್ಟಿಕೊಂಡು, ಕೈಗೆ ಬಂದ ಸುಖವನ್ನೂ ದೂಡಿದ್ದರು. ಅರ್ಧ ದಿನದ ರಜೆ ಹಾಕಿ ದಕ್ಕೆಗೆ ಹೋದೆ.

ಐಸ್ ಪ್ಲಾಂಟಿನೊಳಗೆ ಮೆಷಿನಿನ ಗದ್ದಲದಲ್ಲಿ ಮಾತು ಕೇಳಿಸುವಂತಿರಲಿಲ್ಲ. ಅವರು ನನ್ನನ್ನು ನೋಡಿ ಹೊರಗೆ ನೆರಳಿಗೆ ಕರೆದುಕೊಂಡು ಬಂದರು. ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ಸುತ್ತುಬಳಸದೆ ಹೇಳಿದೆ. ಡಾಕ್ಟರು ಮೊದಲು ಹೇಳಿದ ಮಾತು ಇದು, ನಾನು ನಿಮಗೆ ಹೇಳಲಿಲ್ಲ, ದೋಷ ನನ್ನದಾಗಿತ್ತು.

"ಇನ್ನೊಮ್ಮೆ ಹೇಳು" ಎಂದರು.

ಹೇಳಿದೆ.

"ಅವರು ಇಂಗ್ಲಿಷಿನಲ್ಲಿ ಹೇಗೆ ಹೇಳಿದ್ದು?"

ಆ ವಾಕ್ಯಗಳನ್ನು ನಾನು ಒಂದಕ್ಷರ ಮರೆತಿರಲಿಲ್ಲ. ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಅವರ ಎರಡೂ ಕೈ ಒದ್ದೆಯಾಗಿದ್ದವು. ಅರ್ಥವಾಗದ ಭಾಷೆಯನ್ನು ಗಮನವಿಟ್ಟು ಕೇಳಿದರು. ಆಮೇಲೆ ಬೋಟುಗಳ ಕಡೆ ತಿರುಗಿದರು.

"ಅವಳಿಗೆ ಹೋದ ತಿಂಗಳು ಬೇರೆ ಕಡೆ ನಿಶ್ಚಯ ಆಯ್ತು" ಎಂದರು. ಸೈನ್ಸ್ ಟೀಚರ ತಂಗಿಯ ವಿಷಯ ಅದು. "ಎಂಟು ವರ್ಷ ಹೇಗೋ ಒಪ್ಪಿಕೊಂಡಿದ್ದೆ. ಈಗ ಬಂದು ಹೇಳಿದಿ. ಈಗ ನಾನು ಇದನ್ನು ಎಲ್ಲಿ ಇಟ್ಕೊಳ್ಳುದು?"

ಕ್ಷಮಿಸಿ ಎಂದೆ. ಅದು ಅವರಿಗೆ ಕೇಳಿಸಿದಂತೆ ಕಾಣಲಿಲ್ಲ.

"ಒಂದು ಕೆಲಸ ಮಾಡು. ನನ್ನ ಅಮ್ಮನಿಗೆ ಹೇಳು. ಎಪ್ಪತ್ತೈದಾಯ್ತು. ಬಸಿರಿನಲ್ಲಿ ತಾನು ಎಂತ ತಪ್ಪು ಮಾಡಿದೆನೋ ಮಗ ಹೀಗೆ ಹುಟ್ಟಿದ ಅಂತ ದಿನಾ ಕೂತು ಲೆಕ್ಕ ಹಾಕ್ತಾರೆ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳುದು ಅಂತ ನಂಬುದಿಲ್ಲ. ನಿನ್ನ ಬಾಯಿಂದ ಆಗ್ಬೇಕು. ಬೇರೆ ಯಾರಿಗೂ ಗೊತ್ತಾಗುದು ಬೇಡ."

ಮಾತು ಕೊಟ್ಟೆ. ಆದಿತ್ಯವಾರ ಮಧ್ಯಾಹ್ನ ಬರುತ್ತೇನೆ ಎಂದೆ. ಬೇಕೆಂದು ಆ ದಿನ ಹೇಳಿದ್ದಲ್ಲ, ಶಾಲೆಗೆ ರಜೆ ಇರುವುದು ಆವತ್ತೇ.

ವಾಮಂಜೂರಿಗೆ ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ತುಳುವಿನಲ್ಲಿ ಮನಸ್ಸಿನೊಳಗೆ ಜೋಡಿಸಿಕೊಂಡೆ. ನಾಲ್ಕೇ ವಾಕ್ಯ. ಗದ್ದೆಯ ಬದುವಿನ ಮೇಲೆ ನಡೆಯುವಾಗ ಒಮ್ಮೆ ಗಟ್ಟಿಯಾಗಿ ಹೇಳಿಯೂ ನೋಡಿದೆ. ಬಂತು.

ಅತ್ತೆ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದರು. ಕಣ್ಣು ಮಂಜಾಗಿತ್ತು. ದನಿಯಿಂದ ನನ್ನನ್ನು ಗುರುತಿಸಿ ಏಳಲು ಹೋದರು, ಆಗಲಿಲ್ಲ. ನಾನು ಅವರ ಪಕ್ಕ ಕೂತೆ. ಅವರ ಮಗ ಒಳಗೆ ಹೋಗಿ ಬೆಲ್ಲ, ನೀರು ತೆಗೆದುಕೊಂಡು ಬಾಗಿಲ ಹತ್ತಿರ ಬಂದರು. ಮುಂದೆ ಬರಲಿಲ್ಲ. ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತರು, ನಾನು ಹೇಳಲಿ ಎಂದು.

"ಮಾಮಿ, ಒಂದು ವಿಷಯ ಹೇಳ್ಲಿಕ್ಕೆ ಉಂಟು" ಎಂದೆ.

"ನಾನೇ ಹೇಳ್ಬೇಕು ಮಗಾ, ನಾನು ಮೊದಲು ಹೇಳ್ತೇನೆ" ಎಂದು ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ನಾನೇ ನಿನ್ನ ಮನೆಗೆ ಬರ್ಬೇಕಿತ್ತು. ಕಾಲು ಬರುದಿಲ್ಲ. ನನ್ನ ಮಗನಿಂದ ನಿನ್ನ ಬಾಳು ಹಾಳಾಯ್ತು. ಬೇರೆ ಮದುವೆ ಕೂಡಾ ಆಗದೆ ಕೂತಿದ್ದಿ. ಅಂಥವನನ್ನು ಹೆತ್ತದ್ದು ನಾನು. ಇದನ್ನು ಹೊತ್ತುಕೊಂಡು ಸಾಯ್ಲಿಕ್ಕೆ ನನಗೆ ಆಗುದಿಲ್ಲ. ಕ್ಷಮಿಸಿದೆ ಅಂತ ಒಂದು ಮಾತು ಹೇಳು ಮಗಾ."

ಬಾಯಿ ತೆರೆದೆ. ನಾಲ್ಕು ವಾಕ್ಯಗಳು ಅಲ್ಲೇ ಇದ್ದವು. ಹೇಳಿದರೆ ಈ ಮುದುಕಿಯ ಕೈಗಳು ನನ್ನ ಕೈ ಬಿಡುತ್ತವೆ, ಈ ಮಂಜುಗಣ್ಣು ನನ್ನನ್ನು ಬೇರೆ ಥರ ನೋಡುತ್ತದೆ, ಎಂಟು ವರ್ಷದಿಂದ ನನ್ನನ್ನು ಪಾಪ ಅನ್ನುತ್ತಿದ್ದವರಲ್ಲಿ ಒಬ್ಬರು ಕಡಿಮೆಯಾಗುತ್ತಾರೆ. ಬಾಗಿಲ ಕಡೆ ನೋಡಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ನಾನು ತಲೆಯಾಡಿಸಿದೆ.

ಅತ್ತೆಗೆ ಅದು ಕಾಣಿಸಿತೋ, ಕೈಯಲ್ಲೇ ತಿಳಿಯಿತೋ, ನನ್ನ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತರು. ಬಾಗಿಲಲ್ಲಿ ನಿಂತಿದ್ದವರು ಬಂದು ತಟ್ಟೆಯನ್ನು ನನ್ನ ಎದುರಿಗಿಟ್ಟರು. "ನೀರು ಕುಡಿ" ಎಂದರು. "ಬಿಸಿಲಲ್ಲಿ ನಡ್ಕೊಂಡು ಬಂದಿದ್ದಿ."